ತಪ್ಪು ಪ್ಲೇಟಿನದ್ದಲ್ಲ, ಸೂಜಿಯದ್ದು

ಮಾನ್ಯ ಸಂಪಾದಕರೇ,

ಈಚೆಗೆ ಯಾವ ಗ್ರಾಮಫೋನ್ ಪ್ಲೇಟು ಕೇಳುತ್ತಿದ್ದೀರಿ ಎಂದು ನೀವು ಕೇಳಿದ್ದಕ್ಕೆ ಓದುಗರು ಬರೆದ ಪತ್ರಗಳು ಖುಷಿ ಕೊಟ್ಟವು. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ, ಪಿ. ಕಾಳಿಂಗರಾಯರ ಭಾವಗೀತೆ, ಎಲ್ಲವೂ ಅಟ್ಟದಿಂದ ಇಳಿದಿವೆ. ಆದರೆ ಆ ಪತ್ರಗಳಲ್ಲೇ ಮೂರು ದೂರುಗಳು ಮತ್ತೆ ಮತ್ತೆ ಬಂದಿವೆ. ಹಳೇ ರೆಕಾರ್ಡಿಂಗು, ಕರಕರ ಸದ್ದು ಜಾಸ್ತಿ. ದನಿ ಯಾಕೋ ಕೀರಲು. ಕೊನೆಕೊನೆಗೆ ಗಂಟಲು ಒಡೆದ ಹಾಗೆ ಕೇಳಿಸುತ್ತದೆ. ಮೂರಕ್ಕೂ ಬೈಸಿಕೊಂಡದ್ದು ಪ್ಲೇಟು. ನಿಜಕ್ಕೂ ಬೈಸಿಕೊಳ್ಳಬೇಕಾದದ್ದು ಬಹುಪಾಲು ಸೂಜಿ, ವೇಗ ಮತ್ತು ಕೊಳೆ. ಇದನ್ನು ಸರಿಪಡಿಸಿಕೊಳ್ಳದೆ ಇನ್ನೊಂದು ಸಲ ಹಾಕಿದರೆ ಕೇಳುವ ಸುಖ ಹಾಳಾಗುವುದಷ್ಟೇ ಅಲ್ಲ, ಪ್ಲೇಟೂ ಸವೆಯುತ್ತದೆ. ಹಾಗಾಗಿ ಈ ಉದ್ದನೆಯ ಪತ್ರ.

ಮೊದಲು ಕೈಯಲ್ಲಿರುವುದು ಏನೆಂದು ತಿಳಿಯಬೇಕು. ಈಗ ಎಲ್ಲವನ್ನೂ ವಿನೈಲ್ ಎನ್ನುವ ರೂಢಿ ಬಂದಿದೆ. ಅಟ್ಟದಲ್ಲಿ ಸಿಗುವ ಹತ್ತಿಂಚಿನ ದಪ್ಪ, ಭಾರದ ಪ್ಲೇಟು ವಿನೈಲ್ ಅಲ್ಲ, ಅರಗು. ಚನ್ನಪಟ್ಟಣದ ಬುಗುರಿಗೆ ಬಣ್ಣ ಕೂರಿಸುವ ಅದೇ ಅರಗಿಗೆ ಕಲ್ಲಿನ ಹುಡಿ, ಮಸಿ ಬೆರೆಸಿ ಬಿಸಿಯಲ್ಲಿ ಒತ್ತಿ ತೆಗೆದದ್ದು. ನಿಮಿಷಕ್ಕೆ 78 ಸುತ್ತು, ಹಾಗಾಗಿ ಇದನ್ನು ಕರೆಯುವುದೂ 78 ಎಂದೇ, ಒಂದು ಬದಿಗೆ ಮೂರು ನಿಮಿಷದ ಆಸುಪಾಸು, ಕೈಜಾರಿದರೆ ಹೆಂಚಿನ ಹಾಗೆ ಚೂರು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ತಂದ ಎಲ್‌ಪಿ ವಿನೈಲಿನದು. 33⅓ ಸುತ್ತು, ಬದಿಗೆ ಇಪ್ಪತ್ತು ನಿಮಿಷದಷ್ಟು, ಸ್ವಲ್ಪ ಬಗ್ಗುತ್ತದೆ. ಮರುವರ್ಷ ಆರ್‌ಸಿಎ ವಿಕ್ಟರ್ ಏಳಿಂಚಿನ 45 ತಂದಿತು. ನಮ್ಮಲ್ಲಿ ಸಿನಿಮಾ ಹಾಡುಗಳ ಇಪಿ ಎಂಬ ಪುಟ್ಟ ಪ್ಲೇಟುಗಳು ಈ ಅಳತೆಯವು. ಆದರೂ ಗಾತ್ರ ನೋಡಿ ವೇಗ ಊಹಿಸಬೇಡಿ. ಏಳಿಂಚಿನದರಲ್ಲೂ 33⅓ ಇದೆ, ಹನ್ನೆರಡಿಂಚಿನದರಲ್ಲೂ 45 ಇದೆ. ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ, ಓದಿ. ಅನುಮಾನವಿದ್ದರೆ ಉಗುರಿನಿಂದ ಅಂಚಿಗೆ ಮೆಲ್ಲಗೆ ತಟ್ಟಿ. ಅರಗಿನದು ಪಿಂಗಾಣಿ ತಟ್ಟೆಯಂತೆ ಟಿಣ್ ಎನ್ನುತ್ತದೆ, ವಿನೈಲ್ ಮಂಕಾಗಿ ಟಪ್ ಎನ್ನುತ್ತದೆ. ಬಗ್ಗಿಸಿ ಪರೀಕ್ಷಿಸಲು ಮಾತ್ರ ಹೋಗಬೇಡಿ.

ಈಗ ಕರಕರದ ವಿಚಾರ. 78ರಲ್ಲಿ ಸೂಜಿ ಓಡುವ ಗೆರೆ ಅಗಲ, ಎಲ್‌ಪಿಯದು ಕಿರಿದು. 78ಕ್ಕೆ ಬೇಕಾದ ಸೂಜಿಯ ತುದಿಯ ದುಂಡಿನ ತ್ರಿಜ್ಯ ಸುಮಾರು 75 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಎಲ್‌ಪಿಯದು 18 ಮೈಕ್ರಾನಿನ ಆಸುಪಾಸು. ಎಲ್‌ಪಿ ಸೂಜಿಯನ್ನು 78ಕ್ಕೆ ಹಾಕಿದರೆ ಅದು ಗೆರೆಯ ಗೋಡೆ ಮುಟ್ಟದೆ ತಳಕ್ಕೆ ಇಳಿಯುತ್ತದೆ. ತಳದಲ್ಲಿರುವುದು ಎಂಬತ್ತು ತೊಂಬತ್ತು ವರ್ಷದ ದೂಳು ಮತ್ತು ಉಕ್ಕಿನ ಸೂಜಿ ಸವೆದ ಪುಡಿ. ಸಂಗೀತ ಇರುವುದು ಗೋಡೆಯಲ್ಲಿ, ನೀವು ಕೇಳುತ್ತಿರುವುದು ಚರಂಡಿಯನ್ನು. 78ರ ಸೂಜಿಯನ್ನು ಎಲ್‌ಪಿಗೆ ಹಾಕುವುದು ಇನ್ನೂ ಕೆಟ್ಟದ್ದು. ಅದು ಗೆರೆಯೊಳಗೆ ಇಳಿಯಲಾರದೆ ಮೇಲಂಚನ್ನು ಉಜ್ಜಿಕೊಂಡು ಹೋಗುತ್ತದೆ, ಆ ಗಾಯ ವಾಸಿಯಾಗುವುದಿಲ್ಲ. ಹಳೆಯ ರೆಕಾರ್ಡ್ ಪ್ಲೇಯರುಗಳಲ್ಲಿ ಸೂಜಿ ಸಿಕ್ಕಿಸುವ ಪುಟ್ಟ ಡಬ್ಬಿಯಾದ ಕಾರ್ಟ್ರಿಡ್ಜಿನ ಮುಂದೆ ಒಂದು ಪುಟ್ಟ ತಿರುಪು ಇರುತ್ತದೆ, ಒಂದು ಕಡೆ 78, ಇನ್ನೊಂದು ಕಡೆ ಎಲ್‌ಪಿ. ಅದನ್ನು ತಿರುಗಿಸುವುದು ಮರೆತುಹೋಗುತ್ತದೆ, ಅಷ್ಟೇ. ಇಂದಿನ ಟರ್ನ್‌ಟೇಬಲ್ ಆದರೆ 78ರದೇ ಸೂಜಿ ಬೇರೆ ಕೊಳ್ಳಬೇಕು. ಹಲವು ಕಾರ್ಟ್ರಿಡ್ಜುಗಳಿಗೆ ಸೂಜಿಯ ಭಾಗವಷ್ಟೇ ಕಳಚಿ ಬದಲಿಸುವ ಸೌಲಭ್ಯವಿದೆ.

ಸೂಜಿ ಸರಿಯಿದ್ದೂ ಸದ್ದು ಹೆಚ್ಚೆನಿಸಿದರೆ ಆಂಪ್ಲಿಫೈಯರಿನ ಮೋನೊ ಗುಂಡಿ ಒತ್ತಿ. 78ರಲ್ಲಿ ಸಂಗೀತ ಕೆತ್ತಿರುವುದು ಎಡಬಲಕ್ಕೆ ಮಾತ್ರ. ಸ್ಟೀರಿಯೊ ಕಾರ್ಟ್ರಿಡ್ಜು ಮೇಲೆಕೆಳಗಿನ ಕುಲುಕಾಟವನ್ನೂ ಎತ್ತಿಕೊಳ್ಳುತ್ತದೆ. ಎರಡು ಚಾನೆಲ್ ಒಂದಾದಾಗ ಆ ಕುಲುಕಾಟ ಒಂದನ್ನೊಂದು ಕಳೆದುಕೊಂಡು ದನಿ ಮುಂದೆ ಬರುತ್ತದೆ. ಕಾಸು ಖರ್ಚಿಲ್ಲದ ಉಪಾಯ, ಆದರೂ ಯಾರೂ ಮಾಡುವುದಿಲ್ಲ. ಇನ್ನು 1950ರ ದಶಕದ ನಡುವೆ ರೂಢಿಗೆ ಬಂದ ಆರ್‌ಐಎಎ ಲೆಕ್ಕಕ್ಕೆ (ಮುದ್ರಿಸುವಾಗ ಏರಿಸಿದ ತಾರಸ್ಥಾಯಿಯನ್ನು ನುಡಿಸುವಾಗ ಇಷ್ಟು ತಗ್ಗಿಸಬೇಕೆಂಬ ಕಟ್ಟಳೆ) ಹೊಂದಿಸಿದ ಫೋನೊ ಪ್ರಿಆಂಪ್, ಅಂದರೆ ಕಾರ್ಟ್ರಿಡ್ಜಿನ ಸಣ್ಣ ಸಂಕೇತವನ್ನು ಬಲಪಡಿಸುವ ಪೆಟ್ಟಿಗೆ, ಅದಕ್ಕೂ ಹಿಂದಿನ 78ರ ತಾರಸ್ಥಾಯಿಯನ್ನು ತಗ್ಗಿಸಿಬಿಡುತ್ತದೆ. ಟ್ರೆಬಲ್ ಸ್ವಲ್ಪ ಏರಿಸಿ. ಪ್ರಿಆಂಪೇ ಇಲ್ಲದೆ ನೇರ ಆಂಪ್ಲಿಫೈಯರಿನ ಆಕ್ಸ್ ಕಿಂಡಿಗೆ ಸಿಕ್ಕಿಸಿದವರಿಗೆ ಸಂಗೀತ ಪಕ್ಕದ ಮನೆಯಿಂದ ಬಂದ ಹಾಗೆ ಕೇಳಿಸುತ್ತದೆ. ಕಾರ್ಟ್ರಿಡ್ಜಿನಿಂದ ಬರುವುದು ನಾಲ್ಕೈದು ಮಿಲಿವೋಲ್ಟ್ ಮಾತ್ರ, ಆಕ್ಸ್ ಕೇಳುವುದು ನೂರಾರು. ಗುಂಯ್ ಎಂಬ ಸದ್ದು ನಿಲ್ಲದೆ ಬರುತ್ತಿದ್ದರೆ ಟರ್ನ್‌ಟೇಬಲಿನ ಅರ್ತ್ ತಂತಿ ಪ್ರಿಆಂಪಿಗೆ ಕಟ್ಟಿಲ್ಲ ಎಂದರ್ಥ.

ಕೀರಲು ದನಿಯ ದೂರು ವೇಗದ್ದು. 78ರಲ್ಲಿ ನಾಲ್ಕೂವರೆ ಸುತ್ತು ಆಚೀಚೆಯಾದರೆ ಶ್ರುತಿ ಅರ್ಧ ಮನೆ, ಅಂದರೆ ಒಂದು ಸ್ವರಸ್ಥಾನದಷ್ಟು, ಸರಿಯುತ್ತದೆ. ಯಂತ್ರದ ರಬ್ಬರ್ ಚಕ್ರ ಗಟ್ಟಿಯಾಗಿದ್ದರೂ ಬೆಲ್ಟ್ ಸಡಿಲವಾಗಿದ್ದರೂ ಅಷ್ಟು ತಪ್ಪುವುದು ಕಷ್ಟವಲ್ಲ. ಸುಲಭದ ಪರೀಕ್ಷೆ ಇದು: ಪ್ಲೇಟಿನ ಅಂಚಿಗೆ ಒಂದು ಕಾಗದದ ಚೂರು ಇಟ್ಟು, ಸೂಜಿ ಇಳಿಸಿಯೇ ಎಣಿಸಿ. ಸೂಜಿಯ ಎಳೆತಕ್ಕೆ ವೇಗ ತಗ್ಗುತ್ತದೆಯಾದ್ದರಿಂದ ಬರಿದೇ ತಿರುಗುವಾಗ ಎಣಿಸಿದರೆ ಪ್ರಯೋಜನವಿಲ್ಲ. 30 ಸೆಕೆಂಡಿಗೆ 39 ಸುತ್ತು ಬಂದರೆ 78 ಸರಿ. ಎಲ್‌ಪಿಯಾದರೆ 3 ನಿಮಿಷಕ್ಕೆ 100 ಸುತ್ತು. ತಿರುಗುವಾಗ ಗೆರೆಗಳು ದೀಪದಡಿ ನಿಂತ ಹಾಗೆ ಕಂಡರೆ ವೇಗ ಸರಿ ಎಂದು ತೋರಿಸುವ ಸ್ಟ್ರೋಬ್ ತಟ್ಟೆ ಬಳಸುವವರು ಎಚ್ಚರವಾಗಿರಬೇಕು. ನಮ್ಮ ಕರೆಂಟು 50 ಹರ್ಟ್ಸ್, 78ಕ್ಕೆ 77 ಗೆರೆಗಳ ವೃತ್ತ ಬೇಕು. ಅಮೆರಿಕದಿಂದ ತರಿಸಿದ ತಟ್ಟೆಯಲ್ಲಿ 92 ಗೆರೆ ಇರುತ್ತದೆ, ಅದು 60 ಹರ್ಟ್ಸಿನ ಲೆಕ್ಕ. ನಮ್ಮ ದೀಪದಡಿ ಆ ಗೆರೆಗಳು ಸುಮಾರು 65 ಸುತ್ತಿಗೇ ನಿಂತ ಹಾಗೆ ಕಾಣುತ್ತವೆ, ಶ್ರುತಿ ಒಂದೂವರೆ ಮನೆಯಷ್ಟು ಕುಸಿದಿರುತ್ತದೆ, ಯಂತ್ರ ಮಾತ್ರ ಸರಿ ಎಂದು ತೋರುತ್ತದೆ. ಎಲ್‌ಇಡಿ ಬಲ್ಬುಗಳಲ್ಲಿ ಅನೇಕವು ಮಿನುಗುವುದೇ ಇಲ್ಲ. ಹಳೆಯ ಚೋಕಿನ ಟ್ಯೂಬ್‌ಲೈಟು ಇದ್ದರೆ ಅದನ್ನು ಹಚ್ಚಿ ನೋಡಿ.

ಆದರೆ ಇಲ್ಲಿ ಒಂದು ಮಾತು. ಗಂಗೂಬಾಯಿ ಅವರ ಎಳೆ ಹರೆಯದ 78 ಪ್ಲೇಟು ಕೇಳಿದ ಓದುಗರೊಬ್ಬರು ವೇಗ ಹೆಚ್ಚಾಗಿದೆ ಎಂದು ತೀರ್ಮಾನಿಸಿದ್ದಾರೆ. ಯಂತ್ರಕ್ಕೆ ಕೈ ಹಾಕುವ ಮೊದಲು ಎಣಿಸಿ ನೋಡಲಿ. 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಬಂದ ಪ್ಲೇಟುಗಳಲ್ಲಿ ಅವರ ದನಿ ನಿಜಕ್ಕೂ ತೆಳು, ಎತ್ತರ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರವೇ ನಮಗೆ ಪರಿಚಿತವಾದ ಆ ಗಂಡುಗಂಭೀರ ದನಿ ಬಂದದ್ದು. ಎಲ್‌ಪಿಯ ಗಂಗೂಬಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು 78ರ ವೇಗ ತಗ್ಗಿಸಿದರೆ ಇಲ್ಲದ ಗಾಯಕಿಯೊಬ್ಬಳನ್ನು ಕೇಳಿದ ಹಾಗಾಗುತ್ತದೆ. ಹಾಗೆಯೇ ಚೌಡಯ್ಯನವರ ಪಿಟೀಲು ಎರಡೆರಡು ಕೇಳಿಸುತ್ತದೆ ಎಂದು ಕಾರ್ಟ್ರಿಡ್ಜ್ ಬದಲಿಸಬೇಡಿ. ಅವರು ನುಡಿಸಿದ್ದು ಏಳು ತಂತಿಯ ಪಿಟೀಲು, ಜೋಡಿ ತಂತಿಗಳ ನಾದವೇ ಅದು.

78 ಎಂದು ಬರೆದಿದ್ದರೂ ಬಹಳ ಹಳೆಯವು ನಿಖರವಾಗಿ 78 ಅಲ್ಲ ಎಂಬುದೂ ನೆನಪಿರಲಿ. 1902ರಲ್ಲಿ ಕಲ್ಕತ್ತೆಗೆ ಬಂದ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಗಾಯಕಿ ಗೌಹರ್ ಜಾನ್ ಅವರನ್ನು ಮುದ್ರಿಸಿಕೊಂಡ ಕಾಲದಲ್ಲಿ ವೇಗ ಇನ್ನೂ ಗಟ್ಟಿಯಾಗಿ ನಿಂತಿರಲಿಲ್ಲ. ಆ ಪ್ಲೇಟುಗಳ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುವುದು ಠೀವಿಗಲ್ಲ. ಆಗ ಪ್ಲೇಟು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಯಾರ ಹಾಡು ಎಂದು ಅಲ್ಲಿನ ಕೆಲಸಗಾರರಿಗೆ ಗೊತ್ತಾಗಬೇಕಿತ್ತು. ಕಲ್ಕತ್ತೆಯಲ್ಲೇ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿ. 1930ರ ಜನವರಿಯಲ್ಲಿ ತೀರಿಕೊಂಡದ್ದೂ ಇಲ್ಲೇ. ಆಕೆಯ ಪ್ಲೇಟಿಗೆ 78ರಿಂದ ಶುರುಮಾಡಿ, ದನಿ ಸಹಜವೆನಿಸುವ ತನಕ ಒಂದೊಂದೇ ಸುತ್ತು ಏರಿಳಿಸಿ ಕೇಳಬೇಕು. ಅದಕ್ಕೆ ವೇಗ ಸರಿಹೊಂದಿಸುವ ತಿರುಪಿರುವ ಯಂತ್ರ ಬೇಕು.

ಮೂರನೆಯದು, ಕೊನೆಗೆ ದನಿ ಒಡೆಯುವುದು. ಇದು ಹಿಂದೂಸ್ತಾನಿ ಖಯಾಲಿನ ಎಲ್‌ಪಿ ಕೇಳುವವರ ದೂರು, ಕಾರಣ ಲೆಕ್ಕದಲ್ಲೇ ಇದೆ. 33⅓ರ ಎಲ್‌ಪಿಯಲ್ಲಿ ಹೊರ ಅಂಚಿನ ಗೆರೆ ಸೂಜಿಯ ಕೆಳಗೆ ಸೆಕೆಂಡಿಗೆ 51 ಸೆಂಟಿಮೀಟರಿನಷ್ಟು ಓಡುತ್ತದೆ. ಲೇಬಲಿನ ಹತ್ತಿರ ಬರುವಾಗ ಅದು 21ಕ್ಕೆ ಇಳಿದಿರುತ್ತದೆ. ಅಂದರೆ ಅಷ್ಟೇ ಸಂಗೀತ ಅರ್ಧಕ್ಕೂ ಕಡಿಮೆ ಜಾಗದಲ್ಲಿ ಮುದುಡಿ ಕೂತಿದೆ. ನಿಧಾನದ ವಿಲಂಬಿತ್ ಹೊರಗಡೆ ಆರಾಮವಾಗಿ ಸಾಗುತ್ತದೆ. ವೇಗದ ದ್ರುತ್ ಬರುವುದು, ಭೀಮಸೇನ ಜೋಶಿಯವರ ತಾನುಗಳು ಸಿಡಿಯುವುದು ಸರಿಯಾಗಿ ಆ ಇಕ್ಕಟ್ಟಿನ ಜಾಗದಲ್ಲಿ. ಸೂಜಿ ತುಸು ಓರೆಯಾಗಿ ಕೂತಿದ್ದರೂ, ಸವೆದಿದ್ದರೂ ಅಲ್ಲಿ ಬಯಲಾಗುತ್ತದೆ. ಕಾರ್ಟ್ರಿಡ್ಜನ್ನು ಅಳತೆಯ ಹಾಳೆಯ ಮೇಲೆ ಕೂರಿಸಬೇಕು. ನಡುವಿನ ಕಂಬಿಯಿಂದ 66 ಮಿ.ಮೀ. ಮತ್ತು 121 ಮಿ.ಮೀ. ದೂರದ ಎರಡು ಬಿಂದುಗಳಲ್ಲೂ ಅದು ಗೆರೆಗೆ ನೇರವಾಗಿರಬೇಕು. ಒಂದರಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಓರೆಯಾದರೆ ತಿರುಪು ಸಡಿಲಿಸಿ ಕಾರ್ಟ್ರಿಡ್ಜನ್ನು ಅರ್ಧ ಮಿಲಿಮೀಟರ್ ಹಿಂದೆಮುಂದೆ ಮಾಡುತ್ತಾ ಹೋಗಬೇಕು. ಬೇಸರದ ಕೆಲಸ, ಅರ್ಧ ಗಂಟೆ ಹಿಡಿಯುತ್ತದೆ.

ಸೂಜಿಯ ಭಾರವೂ ಅಷ್ಟೇ ಮುಖ್ಯ. ತೋಳು ಒಳಕ್ಕೆ ಜಾರದಂತೆ ಹಿಡಿಯುವ ಆಂಟಿಸ್ಕೇಟಿಂಗ್ ತಿರುಪನ್ನು ಸೊನ್ನೆಗೆ ಇಟ್ಟು, ಹಿಂದಿನ ತೂಕದ ಗುಂಡನ್ನು ತಿರುಗಿಸುತ್ತಾ ತೋಳು ಗಾಳಿಯಲ್ಲಿ ಸಮನಾಗಿ ತೇಲುವಂತೆ ಮಾಡಿ. ಅಂಕಿಯ ಬಳೆಯನ್ನು ಸೊನ್ನೆಗೆ ತಂದು, ಆಮೇಲೆ ಕಾರ್ಟ್ರಿಡ್ಜಿನವರು ಹೇಳಿದಷ್ಟಕ್ಕೆ, ಸಾಮಾನ್ಯವಾಗಿ ಎರಡು ಗ್ರಾಮಿನ ಆಸುಪಾಸಿಗೆ, ಏರಿಸಿ. ಬಂಗಾರ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಸಿಕ್ಕರೆ ಅದರ ಮೇಲೆ ಸೂಜಿ ಇಳಿಸಿ ಖಾತ್ರಿ ಮಾಡಿಕೊಳ್ಳಿ. ಪ್ಲೇಟು ಕೆಟ್ಟೀತೆಂದು ಭಾರವನ್ನು ತೀರಾ ಕಡಿಮೆ ಮಾಡುವವರಿದ್ದಾರೆ. ಹಗುರ ಸೂಜಿ ಗೆರೆಯಲ್ಲಿ ನಿಲ್ಲದೆ ಕುಣಿಯುತ್ತದೆ, ಕುಣಿದಲ್ಲೆಲ್ಲ ಗೋಡೆ ಕಚ್ಚುತ್ತದೆ. ವಜ್ರದ ಸೂಜಿಗೆ 500ರಿಂದ 1000 ಗಂಟೆ ಆಯುಸ್ಸು. ದಿನಕ್ಕೊಂದು ಎಲ್‌ಪಿ ಕೇಳಿದರೆ ಎರಡು ವರ್ಷಕ್ಕೊಮ್ಮೆ ನೋಡಿಸಬೇಕು. ಹಳೆಯ ಯಂತ್ರದಲ್ಲಿ ಇರುವುದು ನೀಲಮಣಿಯ (ಸಫೈರ್) ಸೂಜಿಯಾದರೆ ಆಯುಸ್ಸು ನಲವತ್ತೈವತ್ತು ಗಂಟೆ ಅಷ್ಟೆ, ಅದು ಮುಗಿದು ಯಾವ ಕಾಲವಾಯಿತೋ. ಸವೆದಿದೆಯೇ ಎಂದು ತಿಳಿಯಲು ಕಾಳಿಂಗರಾಯರ ಜೊತೆ ಮೋಹನಕುಮಾರಿ, ಸೋಹನಕುಮಾರಿ ದನಿಗೂಡಿಸುವ ಕಡೆ ಕಿವಿಯಿಡಿ. ಸಕಾರ ಶಕಾರಗಳು ಉಸ್ ಎಂದು ಉಗುಳಿದಂತೆ ಕೇಳಿದರೆ ಸೂಜಿ ಮುಗಿದಿದೆ, ಇಲ್ಲವೇ ಹಿಂದಿನ ಯಜಮಾನರ ಮುಗಿದ ಸೂಜಿ ಆ ಪ್ಲೇಟನ್ನು ಮುಗಿಸಿದೆ. ಹೊಸ ಸೂಜಿ ಹಾಕಿದರೆ ಯಾವುದೆಂದು ಗೊತ್ತಾಗುತ್ತದೆ.

ಈ ಕಾರಣಕ್ಕೇ ಸೂಟ್‌ಕೇಸಿನಂಥ ಪೆಟ್ಟಿಗೆಯಲ್ಲಿ ಬರುವ ಅಗ್ಗದ ಪ್ಲೇಯರುಗಳ ಬಗ್ಗೆ ತಕರಾರು. ಚಂದ ಇವೆ, ಒಪ್ಪೋಣ. ಆದರೆ ಹೆಚ್ಚಿನವುಗಳಲ್ಲಿ ಸೆರಾಮಿಕ್ ಕಾರ್ಟ್ರಿಡ್ಜು, ಐದು ಗ್ರಾಮಿನ ಆಸುಪಾಸಿನ ಭಾರ, ಅದನ್ನು ತಗ್ಗಿಸಲು ತೂಕದ ಗುಂಡೇ ಇಲ್ಲ. ಮೂರು ವೇಗದ ಗುಂಡಿ ಇರುತ್ತದೆ, ಸೂಜಿ ಮಾತ್ರ ಒಂದೇ. ಸ್ಪೀಕರು ಅದೇ ಪೆಟ್ಟಿಗೆಯೊಳಗಿದ್ದು ತನ್ನ ನಡುಕವನ್ನು ಸೂಜಿಗೇ ವಾಪಸು ಕೊಡುತ್ತದೆ. ಮತ್ತೆಲ್ಲೂ ಸಿಗದ ಮನ್ಸೂರರ ಎಲ್‌ಪಿಯನ್ನು ಅದರ ಮೇಲಿಡಬೇಡಿ. ಹಿತ್ತಾಳೆ ಕಹಳೆಯ ಹೊಸ "ಹಳೇ ಗ್ರಾಮಫೋನು" ಶೋಕೇಸಿಗೆ ಸಾಕು. ಯಾವುದೋ ಮೋಟಾರಿಗೆ ಯಾವುದೋ ಕಹಳೆ ಜೋಡಿಸಿದ್ದು, ತೋಳಿನ ಕೋನವೇ ತಪ್ಪಿರುತ್ತದೆ.

ಅಸಲಿ ಕೀಲಿ ಗ್ರಾಮಫೋನು ಮನೆಯಲ್ಲಿದ್ದರೆ ಅದರ ಸುಖವೇ ಬೇರೆ. ನಿಯಮ ಒಂದೇ: ಉಕ್ಕಿನ ಸೂಜಿ ಒಂದು ಬದಿಗೆ ಒಂದು. ಅರಗಿನಲ್ಲಿ ಬೆರೆತ ಕಲ್ಲಿನ ಹುಡಿ ಸೂಜಿಯನ್ನು ಮೊದಲ ಕೆಲವು ಸುತ್ತುಗಳಲ್ಲೇ ಅರೆದು ಗೆರೆಗೆ ಒಗ್ಗಿಸುತ್ತದೆ. ಬದಿ ಮುಗಿಯುವಷ್ಟರಲ್ಲಿ ತುದಿಯ ಎರಡೂ ಪಕ್ಕ ಉಳಿಯಂತೆ ಚೂಪಾಗಿರುತ್ತದೆ. ಅದನ್ನೇ ಮತ್ತೆ ಹಾಕಿದರೆ ಕೆತ್ತಿಕೊಂಡು ಹೋಗುತ್ತದೆ. 200 ಸೂಜಿಯ ತಗಡಿನ ಡಬ್ಬಿಗಳಲ್ಲಿ ಮಾರುತ್ತಿದ್ದುದು ಅದಕ್ಕೇ. ಸೂಜಿಯ ನಡುಕವನ್ನು ಸದ್ದಾಗಿಸುವ ಸೌಂಡ್‌ಬಾಕ್ಸು ಝೇಂಕರಿಸಿದರೆ ಅಭ್ರಕದ ಬಿಲ್ಲೆಯ ಸುತ್ತಲಿನ ರಬ್ಬರ್ ಉಂಗುರ ಕಲ್ಲಾಗಿದೆ, ಬದಲಿಸಿ. ಮೋಟಾರಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ, ಅಂಟಾಗುತ್ತದೆ. ವೇಗ ಹಿಡಿದಿಡುವ ಗವರ್ನರಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ, ಸ್ಪ್ರಿಂಗಿಗೆ ಗ್ರಾಫೈಟ್ ಗ್ರೀಸು. ಆ ಯಂತ್ರಕ್ಕೆ ಎಲ್‌ಪಿ ಹಾಕುವುದು ಮಾತ್ರ ಬೇಡವೇ ಬೇಡ. ಸೌಂಡ್‌ಬಾಕ್ಸಿನ ಭಾರ ನೂರು ಗ್ರಾಮಿಗೂ ಮೇಲೆ, ಒಂದೇ ಸಲಕ್ಕೆ ಎಲ್‌ಪಿ ಕಥೆ ಮುಗಿಯುತ್ತದೆ.

ತೊಳೆಯುವ ವಿಚಾರದಲ್ಲಿ ಆಗುವಷ್ಟು ಅನಾಹುತ ಬೇರೆಲ್ಲೂ ಆಗುವುದಿಲ್ಲ. ಮರಕ್ಕೆ ಪಾಲಿಶ್ ಹಾಕುವವರನ್ನು ನೋಡಿದ್ದೀರಲ್ಲ, ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಹಚ್ಚುವುದು. ಹಾಗಿರುವಾಗ ಅರಗಿನ ಪ್ಲೇಟಿಗೆ ಸ್ಪಿರಿಟ್ಟು, ಸ್ಯಾನಿಟೈಸರು, ಮೊಬೈಲ್ ಸ್ಕ್ರೀನ್ ಒರೆಸುವ ದ್ರಾವಣ ತಗಲಿಸಿದರೆ ಗೆರೆಯೇ ಕರಗುತ್ತದೆ. 78ಕ್ಕೆ ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವದ ನಾಲ್ಕೈದು ಹನಿ ಸಾಕು. ಬೋರ್‌ವೆಲ್ ನೀರು ಬೇಡ, ಅದರ ಸುಣ್ಣ ಗೆರೆಯಲ್ಲೇ ಒಣಗಿ ಹೊಸ ಕರಕರ ಹುಟ್ಟಿಸುತ್ತದೆ. ಲೇಬಲಿನ ಮೇಲೆ ಅದನ್ನು ಮುಚ್ಚುವಷ್ಟು ಅಗಲದ ಪ್ಲಾಸ್ಟಿಕ್ ಮುಚ್ಚಳ ಒತ್ತಿ ಹಿಡಿದು, ಮೃದುವಾದ ಬ್ರಶ್ಶಿನಿಂದ ಗೆರೆಯ ದಿಕ್ಕಿನಲ್ಲೇ ಸುತ್ತಿ. ಅಡ್ಡಡ್ಡ ಉಜ್ಜಬಾರದು, ನೆನೆಹಾಕಲೂಬಾರದು. ಬರೀ ಡಿಸ್ಟಿಲ್ಡ್ ನೀರಿನಿಂದ ಇನ್ನೊಮ್ಮೆ ತೊಳೆದು, ಮೆತ್ತನೆ ಬಟ್ಟೆಯಿಂದ ನೀರು ಒತ್ತಿ ತೆಗೆದು, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ತಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಹಳೆ ಪಂಚೆ ಹಾಸಿದರೆ ಆಯಿತು. ಎಲ್‌ಪಿಗಾದರೆ 800 ಮಿ.ಲೀ. ನೀರಿಗೆ 200 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಬಹುದು, ಬೂಷ್ಟಿನ ಬಿಳಿ ಚುಕ್ಕೆ ಇದ್ದಾಗ ಇದು ಉಪಯೋಗಕ್ಕೆ ಬರುತ್ತದೆ. ಬಿಸಿನೀರು ಎರಡಕ್ಕೂ ಬೇಡ. ಎರಡು ಸೀಸೆಗೂ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿಡಿ.

ಮಲೆನಾಡು, ಕರಾವಳಿಯ ಓದುಗರಿಗೆ ಬೂಷ್ಟು ಪ್ರತಿ ಮಳೆಗಾಲದ ಗೋಳು. ಅದು ತಿನ್ನುವುದು ಒಳಚೀಲದ ಕಾಗದವನ್ನು ಮತ್ತು ನಿಮ್ಮ ಬೆರಳಿನ ಜಿಡ್ಡನ್ನು. ಹಳೆಯ ಒಳಚೀಲ ತೆಗೆದು ಪಾಲಿಥೀನಿನದು ಹಾಕಿ. ಪಿವಿಸಿ ಹೊರಕವರು ಬೇಡ, ಅದರಿಂದ ಬಿಡುವ ಎಣ್ಣೆಯಂಥದು ಪ್ಲೇಟಿನ ಮೇಲೆ ಮಂಜು ಕವಿದಂತೆ ಕೂರುತ್ತದೆ. ಪ್ಲೇಟುಗಳನ್ನು ನಿಲ್ಲಿಸಿಯೇ ಇಡಬೇಕು, ಒರಗಿಸಬಾರದು, ಒಂದರ ಮೇಲೊಂದು ಪೇರಿಸಬಾರದು. ನೂರು ಎಲ್‌ಪಿ ಕವರು ಸಮೇತ ಇಪ್ಪತ್ತು ಕೆ.ಜಿ.ಗೂ ಮೇಲೆ ತೂಗುತ್ತದೆ, ಪ್ಲೈವುಡ್ ಹಲಗೆ ನಡುವೆ ಬಾಗಿದರೆ ಪ್ಲೇಟೂ ಬಾಗುತ್ತದೆ. ಚೈತ್ರ ವೈಶಾಖದಲ್ಲಿ ಕೊಂಡ ಪ್ಲೇಟನ್ನು ಕಾರಿನೊಳಗೆ ಬಿಟ್ಟು ಊಟಕ್ಕೆ ಹೋದರೆ ಬರುವಷ್ಟರಲ್ಲಿ ಅದು ಹಪ್ಪಳ.

ಕೊಳ್ಳುವಾಗ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. 78ರ ಗೆರೆ ಕಪ್ಪಗೆ ಹೊಳೆಯಬೇಕು. ಬೂದಿ ಬಣ್ಣಕ್ಕೆ ತಿರುಗಿದ್ದರೆ ಉಕ್ಕಿನ ಸೂಜಿ ತಿಂದಿದೆ, ತೊಳೆದು ಪ್ರಯೋಜನವಿಲ್ಲ. ಹೊರಅಂಚಿನ ಸಣ್ಣ ಚಕ್ಕೆ ಪರವಾಗಿಲ್ಲ. ಎಲ್‌ಪಿಯ ಮೇಲಿನ ಗೀಚು ಉಗುರಿಗೆ ತಗಲದಿದ್ದರೆ ಸಾಮಾನ್ಯವಾಗಿ ಕಿವಿಗೂ ತಗಲುವುದಿಲ್ಲ. ಮೈಸೂರಿನ ಹಳೆಯ ಸಂಗ್ರಹಗಳಲ್ಲಿ ಎಂದಾದರೂ ರಷ್ಯದ ನಿಕೊಲಾಯ್ ಮೆಟ್ನರನ ಪಿಯಾನೊ ಪ್ಲೇಟುಗಳ ಆಲ್ಬಮ್ ಕಂಡರೆ ದಾಟಿಹೋಗಬೇಡಿ. 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಎಚ್‌ಎಂವಿಗಾಗಿ ಆತ ನುಡಿಸಿದ ಆ ಧ್ವನಿಮುದ್ರಣಗಳ ಖರ್ಚು ಹೊತ್ತದ್ದು ಜಯಚಾಮರಾಜ ಒಡೆಯರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೇ ಅರ್ಪಿಸಿದ. ಇಂಥ ಆಲ್ಬಮ್‌ಗಳಲ್ಲಿ ಇನ್ನೊಂದು ತೊಡಕಿದೆ. ಪೇರಿಸಿಟ್ಟ ಪ್ಲೇಟುಗಳನ್ನು ಒಂದೊಂದಾಗಿ ತಾನೇ ಬೀಳಿಸಿ ನುಡಿಸುವ ಆಟೊಚೇಂಜರಿಗೆ ಒತ್ತಿದ್ದಾದರೆ ಮೊದಲ ಪ್ಲೇಟಿನ ಹಿಂಬದಿಯಲ್ಲಿ ಎರಡನೇ ಭಾಗ ಇರುವುದಿಲ್ಲ, ಕೊನೆಯದು ಇರುತ್ತದೆ. ಲೇಬಲಿನ ಅಂಕಿ ನೋಡಿಕೊಂಡು ಹಾಕಿ.

ಕೊನೆಗೆ ತಮ್ಮಲ್ಲೊಂದು ಕೋರಿಕೆ. ಮುಂದಿನ ಪಟ್ಟಿ ಪ್ರಕಟಿಸುವಾಗ ಕಲಾವಿದರ ಹೆಸರಿಗೆ ನಿಲ್ಲಿಸದೆ ಲೇಬಲ್, ಅದರ ಮೇಲಿನ ನಂಬರು, ಗಾತ್ರ, ವೇಗ ಇವನ್ನೂ ಬರೆದು ಕಳಿಸಲು ಓದುಗರಿಗೆ ಹೇಳಿ. ಮನ್ಸೂರರ ಪ್ಲೇಟು ಕೇಳಿದೆ ಎಂದರೆ ಅದು ಮೂರು ನಿಮಿಷದ 78ಓ, ಬದಿ ತುಂಬ ಒಂದೇ ರಾಗವಿರುವ ಎಲ್‌ಪಿಯೋ ತಿಳಿಯದು. ಎರಡರ ನಡುವೆ ದಶಕಗಳ ಅಂತರ. ನಂಬರಿದ್ದರೆ ಹುಡುಕುವವರಿಗೆ ಸಿಗುತ್ತದೆ. ಲೇಬಲ್ ಹರಿದುಹೋಗಿದ್ದರೆ ಗೆರೆ ಮುಗಿದ ಮೇಲಿನ ಖಾಲಿ ಜಾಗದಲ್ಲಿ ಪ್ಲೇಟಿಗೇ ಕೊರೆದ ಪುಟ್ಟ ಅಂಕಿಗಳಿರುತ್ತವೆ. ಟಾರ್ಚನ್ನು ಅಡ್ಡಲಾಗಿ ಹಿಡಿದರೆ ಓದಲು ಬರುತ್ತದೆ, ಅದನ್ನೇ ಬರೆಯಲಿ.

ಇಂತಿ,
ಹಳೆಯ ಧ್ವನಿಮುದ್ರಿಕೆಗಳ ಸಂಗ್ರಾಹಕ, ಮೈಸೂರು